ಏಳನೆಯ ಹಗೇವು

ನಮ್ಮೂರು ಮೊರಬದಲ್ಲಿ ಹಗೇವಿಗೆ ಇಳಿಯುವವರು ಎಂದರೆ ಮುದಕಪ್ಪ ಮತ್ತು ಅವನ ತಮ್ಮ ಕುಬೇರಪ್ಪ. ನೆಲದಡಿ ಎರಡಾಳು ಆಳದ ಕಣಜ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದ ಕಾಲ ಅದು. ಎರಡು ವರ್ಷ ಬಿಟ್ಟು ತೆಗೆದರೂ ಕಾಳು ಕೆಡುತ್ತಿರಲಿಲ್ಲ. ಕೆಡುತ್ತಿದ್ದದ್ದು ಒಳಗಿನ ಗಾಳಿ. ಅದಕ್ಕೇ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಕಂಬಳಿ ಬೀಸುತ್ತ ಕಾಯಬೇಕು.

ಒಂದು ದಿನ ದೀಪ ಆರಿದರೂ ಕುಬೇರಪ್ಪ ಕಾಯಲಿಲ್ಲ. "ಬರೇ ಎರಡ ಪುಟ್ಟಿ ಕಾಳು. ಹಿಂಗ ಹೋಗಿ ಹಂಗ ಬರ್ತೀನಿ" ಎಂದು ಇಳಿದ. ಕೆಳಗಿನಿಂದ ಒಮ್ಮೆ "ಅಣ್ಣಾ" ಎಂದ. ಅಷ್ಟೇ. ಮುದಕಪ್ಪ ಜಿಗಿಯಲು ಹೋದಾಗ ಅವನನ್ನು ತಡೆದು ಹಿಡಿದ ನಾಲ್ವರಲ್ಲಿ ಬಾಜು ಮನೆಯ ನಾನೂ ಒಬ್ಬಳು. ಅವನ ದೋತರ ನನ್ನ ಮುಷ್ಟಿಯಲ್ಲಿತ್ತು. ಗಾಳಿಯಾಡಿ ದೀಪ ಆರದೆ ಉರಿಯುವ ಹೊತ್ತಿಗೆ ಕುಬೇರಪ್ಪ ಇರಲಿಲ್ಲ.

ಆಮೇಲೆ ನಲವತ್ತು ವರ್ಷ ಮುದಕಪ್ಪ ಹೊಲ ಮಾಡಿದ, ಮಗಳ ಮದುವೆ ಮಾಡಿದ, ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದ. ಸಿಟ್ಟು ಬಂದಾಗ ಮಾತ್ರ ಒಂದೇ ಮಾತು: "ಮಲ್ಲಕ್ಕಾ, ಅವತ್ತ ನೀವು ಬಿಟ್ಟಿದ್ರ ನಾ ಅವನ್ನ ತಂದಿರ್ತಿದ್ದೆ." ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಕಂಡವರು ಯಾರು? ಊರಿನ ಹಗೇವುಗಳನ್ನೆಲ್ಲ ಮಣ್ಣು ತುಂಬಿ ಮುಚ್ಚಿದರು. ಆ ಮಾತು ಮುಚ್ಚಲಿಲ್ಲ.

ಹೋದ ಬೇಸಿಗೆಯ ಸೂಟಿಗೆ ಅವನ ಮೊಮ್ಮಗಳು ಅಮೃತಾ ಬಂದಳು. ಹುಬ್ಬಳ್ಳಿಯಲ್ಲಿ ಕಾಲೇಜು ಓದುವ ಹುಡುಗಿ. ಕಂಪ್ಯೂಟರನ್ನೂ ಹೊತ್ತು ತಂದಿದ್ದಳು. ಮಧ್ಯಾಹ್ನ ಉಂಡ ಮೇಲೆ ಕಿಟಕಿಗೆ ಚಾದರ ಕಟ್ಟಿ, ಕತ್ತಲೆ ಮಾಡಿಕೊಂಡು ಗೇಮ್ ಆಡುತ್ತಿದ್ದಳು. ನಾನು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತ ಅವರ ಮನೆಯ ಬಾಗಿಲ ಬೆಳಕಿಗೆ ಕೂರುತ್ತಿದ್ದೆ.

ಮೊದಲ ದಿನವೇ ನನ್ನ ಕೈ ಮೊರದಲ್ಲಿ ನಿಂತುಬಿಟ್ಟಿತು. ಕಂಪ್ಯೂಟರಿನ ತೆರೆಯ ಮೇಲೆ, ಚುಕ್ಕಿಗಳ ನಡುವೆ ಒಂದು ಹಡಗು, ನಮ್ಮಂಥ ಹತ್ತೂರು ಹಿಡಿಯುವಷ್ಟು ದೊಡ್ಡದು, ಸದ್ದಿಲ್ಲದೆ ತೇಲುತ್ತಿತ್ತು. ಭೂಮಿಯ ಬೀಜಗಳನ್ನೆಲ್ಲ ಹೊತ್ತು ಬೇರೊಂದು ಲೋಕಕ್ಕೆ ಹೊರಟದ್ದಂತೆ. ದಾರಿಯಲ್ಲಿ ಬೀಜಕ್ಕೆ ಏನೋ ತಗುಲಿ, ಹಡಗಿನ ಮಂದಿಯ ಮೈಯೊಳಗೇ ಮೊಳೆತುಬಿಟ್ಟಿದೆ. ಪಕ್ಕೆಲುಬಿನಿಂದ ಬೇರು, ಬಾಯಿಯಿಂದ ತೆನೆ. ಬೆಳೆದು ನಿಂತ ಜೋಳದ ಹೊಲದಲ್ಲಿ ಯಾರೋ ನಡೆದು ಬಂದಂತೆ ಆ ಹೆಣಗಳು ಕತ್ತಲೊಳಗಿಂದ ಸರಸರ ಬರುತ್ತಿದ್ದವು. ಅಮೃತಾ ಬಂದೂಕು ಹಿಡಿದು ಹೊಡೆಯುತ್ತಿದ್ದಳು.

"ಇಂಥಾದ್ದು ಯಾಕ ಆಡ್ತೀ ಬೇ? ಅಂಜಿಕಿ ಬರೂದಿಲ್ಲೇನು?"

"ಅಂಜಿಕಿ ಬರ್ಲಿ ಅಂತನ ಆಡೂದು, ಆಯೀ. ಇಲ್ಲಿ ಸತ್ರ ಮತ್ತ ಒಳಗ ಹೋಗಬಹುದು."

ಹೊರಸಿನ ಮೇಲೆ ಮಲಗಿದ್ದ ಮುದಕಪ್ಪ ಎದ್ದು ಕೂತ. "ಮತ್ತ ಹೋಗಬಹುದೇನು?"

"ಎಷ್ಟ ಸಲಾ ಬೇಕಾದ್ರೂ, ಅಜ್ಜಾ."

ಹಡಗಿನ ತಳದಲ್ಲಿ ಬಾವಿಯಂತೆ ಇಳಿಯುವ ಬೀಜದ ಕೋಣೆಗಳಿದ್ದವು. ಏಳನೆಯದರಲ್ಲಿ ಅವಳ ಜೊತೆಗಾರನೊಬ್ಬ ಸಿಕ್ಕಿಬಿದ್ದಿದ್ದ. ರೇಡಿಯೋದಲ್ಲಿ ಅವನ ದನಿ ಬರುತ್ತಿತ್ತು. ಇಂಗ್ಲಿಷೇ ಆದರೂ, ಉಸಿರು ಕಟ್ಟಿದವನ ಕರೆ ಯಾರಿಗೆ ತಿಳಿಯುವುದಿಲ್ಲ? ಅಮೃತಾ ಇಳಿದಾಗಲೆಲ್ಲ ತೆರೆ ಕೆಂಪಾಗುತ್ತಿತ್ತು. ಅವಳೂ ಸಾಯುತ್ತಿದ್ದಳು, ಆ ದನಿಯೂ ನಿಲ್ಲುತ್ತಿತ್ತು. ವಾರವಾದರೂ ದಾರಿ ಸಿಗಲಿಲ್ಲ.

"ನಿನ್ನ ಕಡೆ ದೀಪಾ ಐತೇನು?" ಎಂದ ಮುದಕಪ್ಪ.

"ಉರಿಯೂ ಕಡ್ಡಿ ಅದಾವು. ಬರೇ ಬೆಳಕಿಗೆ."

"ಒಂದು ಒಗಿ."

ಕಡ್ಡಿ ಉರಿಯುತ್ತ, ತಿರುಗುತ್ತ ಹೋಗಿ ತಳ ಮುಟ್ಟುವ ಮೊದಲೇ ಆರಿತು.

"ಗಾಳಿ ಕೆಟ್ಟೈತಿ. ಇಳೀಬ್ಯಾಡ."

"ಅಜ್ಜಾ, ಇದು ಗೇಮ್!"

"ಇರಲಿ. ಯಾವನೋ ಹಗೇವು ಬಲ್ಲಾವನ ಇದನ್ನ ಮಾಡ್ಯಾನ."

ಹುಡುಕಿದರೆ, ಕೋಣೆಯ ಬಾಯಿಯ ಬಾಜೂಕೇ ಗಾಳಿ ಬಿಡುವ ಒಂದು ಚಕ್ರ ಸಿಕ್ಕಿತು. ಅದನ್ನು ತಿರುಗಿಸಿ, ಕಡ್ಡಿ ಉರಿಯುವವರೆಗೆ ಕಾಯಬೇಕು. ಅಷ್ಟರಲ್ಲಿ ಆ ಮೊಳೆತ ಹೆಣಗಳು ಮೂರು ಕಡೆಯಿಂದ ಬರುತ್ತವೆ. ಕೆಳಗಿನವನು ಕರೆಯುತ್ತಲೇ ಇರುತ್ತಾನೆ.

"ಸರಿ ಅತ್ತಾಗ. ನಾ ಇಳೀತೀನಿ" ಎಂದು ಮುದಕಪ್ಪ ಕುರ್ಚಿ ಎಳೆದುಕೊಂಡ. ಕೂರಿಗೆ ಹಿಡಿದ ಕೈ ಮೌಸು ಹಿಡಿಯಲು ನಾಲ್ಕು ದಿನ ತೆಗೆದುಕೊಂಡಿತು. ಆದರೆ ಕಷ್ಟ ಅದಲ್ಲ. ಚಕ್ರ ತಿರುಗಿಸುತ್ತಿದ್ದ, ಹೊಡೆಯುತ್ತಿದ್ದ, ಕೆಳಗಿನ ದನಿ ಕೇಳಿದೊಡನೆ ಎಲ್ಲ ಬಿಟ್ಟು ಜಿಗಿಯುತ್ತಿದ್ದ. ತೆರೆ ಕೆಂಪು. ಮತ್ತೆ ಜಿಗಿತ. ಮತ್ತೆ ಕೆಂಪು.

"ನೀನ ಬ್ಯಾಡಂತಿ, ನೀನ ಜಿಗೀತಿ! ಶಾಣ್ಯಾತನಾ ನನಗಷ್ಟ ಏನು?" ಎಂದು ಅಮೃತಾ ನಕ್ಕಳು.

"ಕರಿಯಾಕತ್ತಾನಲ್ಲವಾ" ಎಂದ ಅವನು.

ಅವಳಿಗೆ ಕುಬೇರಪ್ಪನ ಕಥೆ ಗೊತ್ತಿರಲಿಲ್ಲ. ಕೈ ಪಳಗಿದ ಮೇಲೂ ಮೂರು ದಿನ ಹೀಗೇ ನಡೆಯಿತು. ಜಿಗಿದಷ್ಟು ಸಲ ಇಬ್ಬರೂ ಸತ್ತರು. ನಾನು ತೆರೆ ನೋಡುವುದನ್ನು ಬಿಟ್ಟು ಮುದಕಪ್ಪನ ಮುಖ ನೋಡತೊಡಗಿದ್ದೆ.

ನಾಲ್ಕನೆಯ ದಿನ ಅವನು ಮೌಸು ಮುಟ್ಟುವ ಮೊದಲು, ತಿರುಗಿ ನೋಡದೆಯೇ ಹೇಳಿದ: "ಮಲ್ಲಕ್ಕಾ, ಬಾ ಇಲ್ಲೆ. ನನ್ನ ದೋತರಾ ಹಿಡಿ."

ಅಮೃತಾ ಬಾಯಿ ತೆರೆದಳು. ನಾನು ಕಣ್ಣಿಂದಲೇ ಸುಮ್ಮನಿರಿಸಿ, ಮೊರ ಕೆಳಗಿಟ್ಟು ಹೋಗಿ ಹಿಡಿದೆ.

ಚಕ್ರ ತಿರುಗಿತು. ಸರಸರ ಸದ್ದು ಬಂತು. ಅವನು ಹೊಡೆದ. ಕೆಳಗಿನವನು ಕರೆದ. ನನ್ನ ಮುಷ್ಟಿಯಲ್ಲಿ ಬಟ್ಟೆ ಬಿಗಿಯಿತು. ಅವನ ಇಡೀ ಮೈ ಮುಂದಕ್ಕೆ ಜಗ್ಗುತ್ತಿತ್ತು. ನಾನು ಬಿಡಲಿಲ್ಲ. ಒಂದು ಕಡ್ಡಿ ಒಗೆದ, ಆರಿತು. ದನಿ ಸಣ್ಣದಾಯಿತು. ಇನ್ನೊಂದು ಒಗೆದ, ಮಿಣುಕಿ ಆರಿತು. "ಅಣ್ಣಾ ಅನ್ನಾಕತ್ತಾನ" ಎಂದ. ಕಾದ. ಮೂರನೆಯದು ತಳ ಮುಟ್ಟಿ, ನೆಟ್ಟಗೆ ಉರಿಯಿತು.

ಆ ಬೆಳಕಿನಲ್ಲಿ ಕೋಣೆ ಪೂರ್ತಿ ಕಂಡಿತು. ಗೋಡೆಯುದ್ದಕ್ಕೂ ಸಾವಿರಾರು ಬೀಜ ಒಡೆದು, ಬಿಳಿ ಹೂ ಬಿಟ್ಟು, ಗಾಜಿನಾಚೆಯ ಚುಕ್ಕಿಗಳ ಕಡೆ ಮುಖ ಮಾಡಿ ನಿಂತಿದ್ದವು. ಅಷ್ಟು ಅಂಜಿಕೆಯ ತಳದಲ್ಲಿ ಅಷ್ಟು ಚೆಂದದ್ದು ಇರಬಹುದೆಂದು ನಾನು ಎಣಿಸಿರಲಿಲ್ಲ. ಮುದಕಪ್ಪ ಇಳಿದ. ಮೂಲೆಯಲ್ಲಿ ಬಿದ್ದವನನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ. ಮೇಲೆ ಬಂದೊಡನೆ ಆ ಜೊತೆಗಾರ ಕೆಮ್ಮಿದ. ಉಸಿರೆಳೆದ.

ಅಮೃತಾ ಕುಣಿದಾಡಿದಳು. ಮುದಕಪ್ಪ ಟವೆಲಿನಿಂದ ಮುಖ ಒರೆಸಿಕೊಂಡ, ಬಹಳ ಹೊತ್ತು.

"ಅವತ್ತ ಬಿಟ್ಟಿದ್ರ ಇಬ್ಬರೂ ಹೋಗತಿದ್ವಿ" ಎಂದ. "ಇನ್ನ ಬಿಡು, ಮಲ್ಲಕ್ಕಾ."

ನನ್ನ ಬೆರಳು ಬಿಚ್ಚಲು ಹೊತ್ತು ಹಿಡಿಯಿತು.

"ಎಂಟನೇದು ಐತೇನವಾ?" ಎಂದು ಅವನು ಮೊಮ್ಮಗಳನ್ನು ಕೇಳಿದ.

"ಐತಿ. ಅದು ಇದಕ್ಕಿಂತ ಆಳ."

"ಕಡ್ಡಿ ಎಷ್ಟು ಉಳದಾವು, ನೋಡು."