ಎಡಗಣ್ಣಿನ ಮುಚ್ಚಳದ ಕೆಂಪು ನೂಲು

ಕಳೆದ ವಾರ ಹಳೆಯ ಟ್ರಂಕನ್ನು ಖಾಲಿ ಮಾಡುವಾಗ ಕಣ್ಣಿನ ಲೆನ್ಸ್ ಇಡುವ ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಡಬ್ಬಿಯೊಂದು ಸಿಕ್ಕಿತು. ಎರಡು ಪುಟ್ಟ ಬಟ್ಟಲು, ಎರಡು ಮುಚ್ಚಳ. ಎಡಗಣ್ಣಿನ ಮುಚ್ಚಳಕ್ಕೆ ಸುತ್ತಿದ್ದ ಇಳಕಲ್ ಸೆರಗಿನ ಕೆಂಪು ರೇಷ್ಮೆ ನೂಲು ಇನ್ನೂ ಬಣ್ಣ ಬಿಟ್ಟಿರಲಿಲ್ಲ. ಅದನ್ನು ಸುತ್ತಿಕೊಟ್ಟವರು ಇಳಕಲ್ಲಿನ ನಮ್ಮ ಓಣಿಯ ತುದಿಯಲ್ಲಿ ಚಷ್ಮಾದ ಅಂಗಡಿ ಇಟ್ಟಿದ್ದ ಚಾಚಾ. ಮೂಗಿನ ಮೇಲೆ ತಮ್ಮ ಚಷ್ಮಾ, ಹಣೆಯ ಮೇಲೆ ಗಿರಾಕಿಯ ಚಷ್ಮಾ...

ಎಂಬತ್ತರ ದಶಕದ ನಡುಭಾಗ. ನಾನು ಬಿ.ಎ. ಮುಗಿಸಿದ್ದೆ. ದಪ್ಪ ಗಾಜಿನ ಚಷ್ಮಾ ಕಂಡು ಎರಡು ಸಂಬಂಧಗಳು ಹಿಂದೆ ಸರಿದಿದ್ದವು. ಗಂಡಿನ ಚಷ್ಮಾವನ್ನು ವಿದ್ಯೆಯೆಂದೂ ಹೆಣ್ಣಿನ ಚಷ್ಮಾವನ್ನು ಊನವೆಂದೂ ಎಣಿಸುವುದು ಶುದ್ಧ ಅನ್ಯಾಯ. ಆದರೂ ಮನೆಯವರು ಹುಬ್ಬಳ್ಳಿಗೆ ಕರೆದೊಯ್ದು ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಕೊಡಿಸಿದಾಗ ನಾನು ತುಟಿ ಬಿಚ್ಚಲಿಲ್ಲ. ಅದು ನನ್ನ ಅನ್ಯಾಯ. ಬಳಸುವ ಕ್ರಮವನ್ನೆಲ್ಲ ಜೊತೆಗಿದ್ದ ಚೀಟಿಯಲ್ಲಿ ಸಾಸಿವೆಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚು ಹಾಕಿದ್ದರು, ಅದು ಮೂರನೆಯ ಅನ್ಯಾಯ.

ಆ ಚೀಟಿಯನ್ನು ಹಿಡಿದು ನಾನು ಚಾಚಾನ ಬಳಿ ಹೋದೆ. ಹರೆಯದಲ್ಲಿ ಅವರು ಸೊಲ್ಲಾಪುರದ ದೊಡ್ಡ ಚಷ್ಮಾದಂಗಡಿಯಲ್ಲಿ ದುಡಿದವರು. ಒಬ್ಬ ಗಿರಾಕಿ ಕೈತಪ್ಪಿದಳೆಂದು ಮುಖ ಸಿಂಡರಿಸದೆ, ಕೈ ತೊಳೆಯುವುದರಿಂದಲೇ ಪಾಠ ಆರಂಭಿಸಿದರು.

“ಲಿಂಗಾ ಅಂಗೈ ಮ್ಯಾಲೆ ಇಟ್ಕೊಳ್ಳುಮುಂದ ಕೈ ತೊಳ್ಕೊಂತೀಯಿಲ್ಲೋ ಬೇಟಿ? ಇದನ್ನೂ ಹಂಗ ಹಿಡಿ. ನಾವೂ ನಮಾಜಿಗೆ ಮೊದಲ ಕೈಕಾಲು ತೊಳೀತೇವಿ. ದೇವರು ಮರತವರನ್ನ ಮಾಫ್ ಮಾಡ್ಯಾನು, ಕಣ್ಣು ಮಾಡಂಗಿಲ್ಲ.”

ದಿನವೂ ಡಬ್ಬಿಯ ಹಳೆಯ ಔಷಧಿ ನೀರನ್ನು ಚೆಲ್ಲಿ ಹೊಸದನ್ನೇ ಹಾಕಬೇಕು. ಬಾವಿ ನೀರು, ನಳದ ನೀರು, ಉಗುಳು ಯಾವುದೂ ತಾಗಬಾರದು. ಲೆನ್ಸ್ ಹಾಕಿಕೊಂಡು ಮಲಗಬಾರದು. ಕಣ್ಣು ಕೆಂಪಾದರೆ ಆ ಕ್ಷಣವೇ ತೆಗೆಯಬೇಕು. ಎಡಬಲ ಅದಲುಬದಲಾಗದಿರಲೆಂದು ನೂಲು ಸುತ್ತಿ, “ಡಬ್ಬಿನೂ ಆಗಾಗ ಬದಲಿ ಮಾಡು, ಹಳೇದರ ಮ್ಯಾಲೆ ಮಾಯಾ ಬ್ಯಾಡ” ಎಂದು ನಕ್ಕರು.

ಕೆಲವು ತಿಂಗಳ ನಂತರ ಹುನಗುಂದದಿಂದ ಕನ್ಯಾ ನೋಡಲು ಬರುವವರಿದ್ದರು. ಮೂರು ದಿನಗಳಿಂದ ನನ್ನ ಕಣ್ಣು ಚುಚ್ಚುತ್ತಿತ್ತು. ಶುಭಕಾರ್ಯಕ್ಕೆ ಅಡ್ಡಿಯಾದೀತೆಂದು ಸುಮ್ಮನಿದ್ದೆ. ಅಂದು ಅವರು ಪಡಸಾಲೆಯಲ್ಲಿ ಕುಳಿತ ಹೊತ್ತಿಗೆ ಎಡಗಣ್ಣು ಹಣ್ಣುಮೆಣಸಿನಕಾಯಿಯಾಗಿತ್ತು. ಅವ್ವ ಕಿವಿಯಲ್ಲಿ, “ಒಂದ ತಾಸು ತಡಕೋ” ಎಂದಳು. ಸೀರೆಯ ನಿರಿಗೆ ಹಿಡಿದುಕೊಂಡು ಹಿತ್ತಲ ಬಾಗಿಲಿನಿಂದ ನಾನು ಅಂಗಡಿಗೆ ಓಡಿದೆ. ಬೆನ್ನಿಗೇ ನಮ್ಮ ಮನೆಯಲ್ಲೇ ಇದ್ದ ಸೋದರತ್ತೆಯೂ ಏದುಸಿರು ಬಿಡುತ್ತ ಬಂದಳು.

“ಗಂಡು ಇನ್ನೊಂದು ಬಂದೀತು, ಕಣ್ಣು ಇನ್ನೊಂದು ಬರಂಗಿಲ್ಲ. ಮೊದಲ ತಗೀ, ಆಮ್ಯಾಲ ಮಾತು” ಎಂದು ಚಾಚಾ ನನ್ನ ಕೈಗೆ ಸಾಬೂನು ಕೊಟ್ಟು ನೀರು ಹಾಕಿದರು. ಎರಡೂ ಲೆನ್ಸ್ ಹೊರಬಂದ ಮೇಲೆ, ಡಬ್ಬಿಗೆ ಏನು ಹಾಕಿದ್ದೆ ಎಂದು ಕೇಳಿದರು. ಉತ್ತರಿಸಿದವಳು ಅತ್ತೆ.

“ನಾನ ಹಾಕೀನಿ. ಮೂರು ದಿನದಿಂದ ಕೂಡಲಸಂಗಮದ ತೀರ್ಥ, ನಾಲ್ಕ ನಾಲ್ಕ ಹನಿ. ಈ ಸಂಬಂಧರ ಹೊಂದ್ಲಿ ಅಂತ. ತೀರ್ಥಕ್ಕ ಹೆಸರಿಡ್ತೀಯೇನ ಸಾಬಣ್ಣಾ?”

“ತೀರ್ಥಕ್ಕಲ್ರೀ ಅಕ್ಕಾರ, ಹಾಕಿದ ಜಾಗಾಕ್ಕ! ನಾಲಿಗಿಗೆ ಹಾಕ್ರಿ, ತಲಿಗೆ ಹಾಕ್ರಿ. ಲೆನ್ಸಿನ ಡಬ್ಬಿಗೆ ಬ್ಯಾಡ್ರಿ.”

ಅತ್ತೆಯ ಪ್ರೀತಿಯನ್ನು ನಾನು ದೂರಲಾರೆ. ಅವಳಿಗೆ ಯಾರೂ ತಿಳಿಸಿ ಹೇಳದಿದ್ದುದನ್ನು ದೂರುತ್ತೇನೆ. ಚಾಚಾ ಗಲ್ಲಾದ ಕೆಳಗಿನಿಂದ ನನ್ನದೇ ನಂಬರಿನ ಹೊಸ ಚಷ್ಮಾವೊಂದನ್ನು ತೆಗೆದರು. ಲೆನ್ಸ್ ಹಾಕುವವರಿಗೆ ಇಂಥ ದಿನ ಬಂದೇ ಬರುತ್ತದೆಂದು ಮೊದಲೇ ಮಾಡಿಟ್ಟಿದ್ದರಂತೆ. “ಇವತ್ತ ಬಾಗಲಕೋಟಿಗೆ ಹೋಗಿ ಡಾಕ್ಟರಿಗೆ ತೋರಸು” ಎಂದು ಎರಡೆರಡು ಸಲ ಹೇಳಿದರು.

ಕೆಂಪುಗಣ್ಣಿಗೆ ದಪ್ಪ ಚಷ್ಮಾ ಏರಿಸಿಕೊಂಡು ಪಡಸಾಲೆಗೆ ಹೋದೆ. ವರನ ಅಜ್ಜಿ ದಾರ ಕಟ್ಟಿದ ತನ್ನ ಚಷ್ಮಾವನ್ನು ಮೂಗಿನ ಮೇಲೇರಿಸುತ್ತ, “ನಿಂದು ಹೆಂಗ ಗಟ್ಟಿ ನಿಂತೈತಲ್ಲ ತಂಗೀ! ಯಾರ ಮಾಡಿದ್ದ?” ಎಂದಳು. ಊರು ಬಿಡುವ ಮುನ್ನ ಅವಳು ನೇರ ಚಾಚಾನ ಅಂಗಡಿಗೆ ಹೋದಳು. ಸಂಬಂಧ ಹೊಂದಲಿಲ್ಲ, ಆ ಅಜ್ಜಿಯ ಮೂಗಿಗೆ ಚಾಚಾನ ಫ್ರೇಮು ಚೆನ್ನಾಗಿ ಹೊಂದಿತು.

ಅಂದೇ ಮಧ್ಯಾಹ್ನ ಬಾಗಲಕೋಟೆಯ ಡಾಕ್ಟರು ಕಣ್ಣು ನೋಡಿ, ಇನ್ನೆರಡು ದಿನ ತಡಮಾಡಿದ್ದರೆ ದೃಷ್ಟಿಗೇ ಸಂಚಕಾರವಿತ್ತು ಎಂದರು. ಸಂಜೆ ಕಣ್ಣಿನ ಸುದ್ದಿ ಕೇಳಲು ಚಾಚಾ ಮನೆಗೆ ಬಂದರು. ಬಸವಣ್ಣನವರನ್ನು ನಿತ್ಯ ನೆನೆಯುವ ನಮ್ಮ ಮನೆ ಅವರನ್ನು ಹೊರಗಟ್ಟೆಯ ಮೇಲೆ ಕೂರಿಸಿತು, ಅವರಿಗೆಂದು ಬೇರೆ ಕಪ್ಪಿನಲ್ಲಿ ಚಹಾ ಕೊಟ್ಟಿತು. ಆ ಕಪ್ಪನ್ನು ತಂದಿಟ್ಟವಳು ನಾನೇ. ಅವರು ಚಹಾ ಕುಡಿದು, “ಈಗ ಚುಚ್ಚತೈತೇನು?” ಎಂದಷ್ಟೇ ಕೇಳಿದರು...

ಆಮೇಲೆ ಬಾದಾಮಿಯಲ್ಲಿ ಶಿಕ್ಷಕಿಯಾದೆ. ಎಷ್ಟೋ ವೇದಿಕೆಗಳಲ್ಲಿ ಪಂಕ್ತಿಭೇದದ ವಿರುದ್ಧ ಮಾತನಾಡಿದೆ. ಆ ಕಪ್ಪಿಗಾಗಿ ಕ್ಷಮೆ ಕೇಳಲು ಹೋಗುವಷ್ಟರಲ್ಲಿ ಅಂಗಡಿಯ ಬಾಗಿಲು ಮುಚ್ಚಿತ್ತು. ಚಾಚಾ ತೀರಿಕೊಂಡು ಆರು ತಿಂಗಳಾಗಿತ್ತು.

ಟ್ರಂಕಿನಲ್ಲಿ ಸಿಕ್ಕ ಡಬ್ಬಿಯನ್ನು ಎಸೆದೆ, ಹಳೆಯದರ ಮೇಲೆ ಮಾಯೆ ಬೇಡವೆಂದು ಅವರೇ ಹೇಳಿದ್ದರು. ನೂಲನ್ನು ಬಿಚ್ಚಿ, ತೊಳೆದು ಒಣಗಿಸಿ, ಈಚೆಗೆ ಲೆನ್ಸ್ ಹಾಕಿಕೊಳ್ಳತೊಡಗಿರುವ ತಮ್ಮನ ಮಗಳ ಡಬ್ಬಿಯ ಎಡಮುಚ್ಚಳಕ್ಕೆ ಸುತ್ತಿದೆ.

“ಇದ್ಯಾರ ನೂಲು, ಅತ್ತಿ?” ಎನ್ನುತ್ತ ಅವಳು ಡಬ್ಬಿಗೆ ಕೈ ಚಾಚಿದಳು.

“ಮೊದಲ ಕೈ ತೊಳ್ಕೊಂಡು ಬಾ” ಎಂದೆ. “ಆಮ್ಯಾಲ ಹೇಳ್ತೇನಿ.”