ಶೀನಪ್ಪಣ್ಣನ ಭಾಷಣ, ಅಪ್ಪನ ಪ್ರಶ್ನೆ

ಆ ಕಾಲದಲ್ಲಿ ನಮ್ಮ ವಾಮದಪದವಿಗೆ ಕರೆಂಟೂ ಬಂದಿರಲಿಲ್ಲ, ಮೈಕೂ ಬಂದಿರಲಿಲ್ಲ. ಭಾಷಣ ಮಾಡುವವರಿಗೆ ಗಂಟಲು ಬೇಕಿತ್ತು, ಕೇಳುವವರಿಗೆ ಪುರುಸೊತ್ತು ಬೇಕಿತ್ತು. ಮಳೆಗಾಲದ ಬೆಳೆಯ ಕೊಯ್ಲು ಮುಗಿದ ಮೇಲೆ ಎರಡೂ ಧಾರಾಳ. ಅಂಗಳದಲ್ಲಿ ಹೊಸ ಬೈಹುಲ್ಲಿನ ವಾಸನೆ, ಪೇಟೆಯಲ್ಲಿ ಮೋನಾಕನ ಹೋಟೆಲಿನ ಗೋಳಿಬಜೆಯ ವಾಸನೆ, ಸಂಜೆಯಾದರೆ ಶೀನಪ್ಪಣ್ಣನ ಸ್ವರ.

ಶೀನಪ್ಪಣ್ಣ ಮೊದಲು ತಾಳಮದ್ದಳೆಯಲ್ಲಿ, ವೇಷವಿಲ್ಲದೆ ಕೂತು ಮಾತಿನಲ್ಲೇ ಪಾತ್ರ ನಡೆಸಿ, ಅರ್ಥ ಹೇಳುತ್ತಿದ್ದವರು. ಕೌರವನ ಪಾತ್ರ ಸಿಕ್ಕಿದರೆ ಅವನದೇ ಸರಿ ಎಂದು ಸಭೆಯನ್ನು ಒಪ್ಪಿಸಿಬಿಡುತ್ತಿದ್ದರಂತೆ. ಆಮೇಲೆ ಅದನ್ನು ಬಿಟ್ಟು ಗೇಣಿ ಒಕ್ಕಲುಗಳ ಪರವಾಗಿ ಊರೂರು ತಿರುಗಿ ಭಾಷಣಕ್ಕೆ ನಿಂತರು. ಊರು ಎರಡಾಯಿತು. ಕೆಲವರಿಗೆ ಅವರು ದೇವರು. ಕೆಲವರು ಅವರ ಹೆಸರೆತ್ತಿದರೆ ಎಲೆಯಡಿಕೆ ಉಗಿಯುತ್ತಿದ್ದರು. ಮೋನಾಕ ಮಾತ್ರ ನಗುತ್ತಿದ್ದರು: "ಜಗಳ ಮಾಡಿ ಮಾರಾಯ್ರೆ, ಆದ್ರೆ ಕೂತು ಮಾಡಿ. ನಿಂತು ಜಗಳ ಮಾಡುವವ ಚಾ ಕುಡಿಯುವುದಿಲ್ಲ."

ಶೀನಪ್ಪಣ್ಣನ ಮಾತಿನಲ್ಲಿ ಏನಿತ್ತು? ಮಂಗಳೂರಿನಿಂದ ಬರುತ್ತಿದ್ದ ಮುಖಂಡರು ಪುಸ್ತಕದ ಕನ್ನಡ ಆಡುತ್ತಿದ್ದರು; ಇವರು ತುಳುವಿನಲ್ಲಿ ಮಾತಾಡುತ್ತಿದ್ದರು. ಪ್ರತಿಯೊಬ್ಬನ ಹೆಸರು ಗೊತ್ತಿತ್ತು, ಅವನ ಗದ್ದೆಯ ಹೆಸರೂ ಗೊತ್ತಿತ್ತು. ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದರು. ಆ ಮೌನದಲ್ಲಿ ನಮ್ಮೊಳಗೆ ಮೊದಲೇ ಇದ್ದ ಸಿಟ್ಟು ತಾನಾಗಿ ಮೇಲೆ ಬರುತ್ತಿತ್ತು. ನಾವು ಹುಡುಗಿಯರು ಬೈಹುಲ್ಲಿನ ರಾಶಿ ಹತ್ತಿ ಅವರ ಆಟವೇ ಆಡುತ್ತಿದ್ದೆವು. ನಾನು ಕೈ ಹಿಂದೆ ಕಟ್ಟಿ, "ಆ ಗದ್ದೆಯಲ್ಲಿ ನೀನು ಯಾರು?" ಎಂದು ಗರ್ಜಿಸಿದರೆ ಕೆಳಗಿದ್ದವರು ನಿಜಕ್ಕೂ ಹೆದರುತ್ತಿದ್ದರು.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ನಮ್ಮ ಪೇಟೆಯಲ್ಲೇ ದೊಡ್ಡ ಸಭೆ ಇಟ್ಟರು. ರಶೀದಿ ಕೊಡದಿದ್ದರೆ ಇನ್ನು ಗೇಣಿ ಅಕ್ಕಿ ಅಳೆಯುವುದಿಲ್ಲ ಎಂದು ಒಕ್ಕಲುಗಳು ಕೈ ಎತ್ತಬೇಕು. ಅದು ತಿಳಿದು ಧಣಿಗಳ ಮನೆಯಿಂದ ಮಾತು ಬಂತು: ಕೈ ಎತ್ತಿದವ ಮುಂದಿನ ಸುಗ್ಗಿ ಬೆಳೆಗೆ ಗದ್ದೆಗೆ ನೇಗಿಲು ಇಳಿಸುವುದು ಬೇಡ.

ನಮಗಿದ್ದದ್ದು ಆ ಗದ್ದೆ, ಅದರ ಬದಿಯ ಮನೆ. ಎರಡೂ ಧಣಿಗಳದ್ದೇ.

"ನೀವು ಸಭೆಗೆ ಹೋಗಿ, ಬೇಡ ಹೇಳುವುದಿಲ್ಲ," ಎಂದರು ಅಮ್ಮ. "ಕೈ ಮಾತ್ರ ಹೆಗಲಿನ ಬೈರಾಸಿನ ಒಳಗೆ ಇರ್ಲಿ."

"ಕೈ ಎತ್ತುವಷ್ಟು ಧೈರ್ಯ ನನಗೆ ಎಲ್ಲಿ ಉಂಟು ಮಾರಾಯ್ತಿ," ಎಂದರು ಅಪ್ಪ.

ಸಭೆಯ ಸಂಜೆ ಒಂದು ವಿಚಿತ್ರ ನಡೆಯಿತು. ಧಣಿಗಳ ಗೇಣಿ ವಸೂಲಿ ನೋಡಿಕೊಳ್ಳುವ ಪಾರುಪತ್ಯಗಾರರೂ ಬಂದರು. ಅವರೂ ಹಳೆಯ ಅರ್ಥಧಾರಿ. ಶೀನಪ್ಪಣ್ಣನ ಕೌರವನಿಗೆ ಎಷ್ಟೋ ಸಲ ಕೃಷ್ಣನಾಗಿ ಕೂತವರು. ಅವರನ್ನು ಕಂಡದ್ದೇ ಜನ ಎದ್ದು ನಿಂತರು. "ಇಬ್ಬರೂ ಒಟ್ಟಿಗೆ ಕೂತುಕೊಳ್ಳಲಿ! ಈ ಜೋಡಿ ಕೇಳದೆ ಎಷ್ಟು ಕಾಲ ಆಯ್ತು!" ಯಾರೋ ಓಡಿ ಚಾಪೆ ತಂದು ಹಾಸಿಯೇಬಿಟ್ಟರು.

ಶೀನಪ್ಪಣ್ಣ ಶುರುಮಾಡಿದರು. "ಬಾಬೂ, ಗುಡ್ಡೆ ಕಡಿದು ನಿನ್ನ ಗದ್ದೆ ಮಾಡಿದ್ದು ಯಾರು?"

ನಮ್ಮ ಅಪ್ಪನನ್ನೇ ಕೇಳಿದ್ದು. "ನನ್ನ ಅಜ್ಜ," ಎಂದರು ಅಪ್ಪ.

"ಅಲ್ಲಿ ನೀನಿದ್ದೀ ಹೇಳುವುದಕ್ಕೆ ಒಂದು ರಶೀದಿ ಉಂಟಾ?"

"ಇಲ್ಲ."

"ಮತ್ತೆ ಆ ಗದ್ದೆಯಲ್ಲಿ ನೀನು ಯಾರು?"

ಪಾರುಪತ್ಯಗಾರರು ಮೆಲ್ಲಗೆ ಉತ್ತರ ಕೊಟ್ಟರು. "ಬಾಬುವಿನ ಅಜ್ಜ ಸಿಡುಬಿನಲ್ಲಿ ಮಲಗಿದಾಗ ಮನೆಯವರಿಗೆ ಗಂಜಿಗೆ ಅಕ್ಕಿ ಕಳಿಸಿದ್ದು ಧಣಿಗಳ ಮನೆಯಿಂದ. ಅದಕ್ಕೆ ನಾವು ರಶೀದಿ ಕೇಳಿದ್ದೇವಾ?"

"ಅಬ್ಬ, ಎಂಥಾ ಅರ್ಥ!" ಜನ ತಲೆದೂಗಿ ಚಪ್ಪಾಳೆ ತಟ್ಟಿದರು. ಒಂದೊಂದು ಮಾತಿಗೂ ಅದೇ ಚಪ್ಪಾಳೆ, ಇವರಿಗೂ ಅವರಿಗೂ. ಕೊನೆಗೆ ಶೀನಪ್ಪಣ್ಣ ಸಿಟ್ಟಿನಿಂದ ಎದ್ದರು. "ಇದು ತಾಳಮದ್ದಳೆ ಅಲ್ಲ! ಕೈ ಎತ್ತಿ!" ಒಂದು ಕೈಯೂ ಏಳಲಿಲ್ಲ. ಇನ್ನೊಂದು ಪದ್ಯಕ್ಕೆ ಕಾಯುವವರ ಹಾಗೆ ಎಲ್ಲರೂ ಕೂತಿದ್ದರು.

ಆಗ ಅಪ್ಪ ಎದ್ದರು. ಸಭೆಯಲ್ಲಿ ಅವರು ತಾವಾಗಿ ಬಾಯಿ ತೆರೆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಇಬ್ಬರ ಅರ್ಥವೂ ಒಳ್ಳೆದಾಯ್ತು ಅಯ್ಯಾ. ಇನ್ನು ನೀವಿಬ್ಬರೂ ಮೋನಾಕನಲ್ಲಿ ಒಟ್ಟಿಗೆ ಚಾ ಕುಡೀತೀರಿ. ನಾಳೆ ಬೆಳಿಗ್ಗೆ ನಾನು ಎಲ್ಲಿಗೆ ಹೋಗುವುದು?"

ಪಾರುಪತ್ಯಗಾರರು ತಲೆ ತಗ್ಗಿಸಿದರು. ಅಪ್ಪ ಬೈರಾಸಿನೊಳಗಿನ ಕೈ ಹೊರಗೆ ತೆಗೆದು ಮೇಲೆತ್ತಿದರು. ಮತ್ತೆ ಹಿಂದಿನಿಂದ ಒಂದು ಕೈ, ಬಲಗಡೆಯಿಂದ ಇನ್ನೊಂದು. ಅಷ್ಟೇ.

ಸುಗ್ಗಿಗೆ ಗದ್ದೆ ಹೋಯಿತು, ಮನೆಯೂ ಹೋಯಿತು. ಮೂಡುಬಿದಿರೆಯಲ್ಲಿ ಅಪ್ಪ ಮೂಟೆ ಹೊತ್ತರು, ಅಮ್ಮ ಬೀಡಿ ಕಟ್ಟಿದರು. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ನನ್ನ ಬಿ.ಎ.ಗೆ ಬೀಡಿ ಸೊಪ್ಪಿನ ವಾಸನೆ ಉಂಟು ಎಂದು ಈಗಲೂ ತಲೆ ಎತ್ತಿಯೇ ಹೇಳುತ್ತೇನೆ.

ಶೀನಪ್ಪಣ್ಣ ಆಮೇಲೆ ವೇಣೂರಿನಲ್ಲಿ, ಅಳದಂಗಡಿಯಲ್ಲಿ ಅಪ್ಪನ ಪ್ರಶ್ನೆಯನ್ನೇ ಹೇಳಿ ಭಾಷಣ ಮಾಡಿದರಂತೆ. ಅಲ್ಲಿ ತುಂಬ ಕೈಗಳು ಎದ್ದವಂತೆ. ಅವರ ಗಂಟಲು, ಅಪ್ಪನ ಗದ್ದೆ. ಕಳೆದುಕೊಳ್ಳಲು ಏನಾದರೂ ಇದ್ದವನ ಒಂದು ಮಾತಿಗೆ ಇರುವ ತೂಕ ಬರೇ ವಾಕ್ಚಾತುರ್ಯಕ್ಕೆ ಬರುವುದಿಲ್ಲ ಎಂದು ನಾನು ಕಲಿತದ್ದು ಹಾಗೆ.

ಡಿಗ್ರಿ ಮುಗಿಸಿ ಬಂದ ದಿನ ಅಪ್ಪನನ್ನು ಕೇಳಿದೆ. "ಅವತ್ತು ಕೈ ಎತ್ತಿದ್ದು ಶೀನಪ್ಪಣ್ಣನ ಮಾತಿಗಾ?"

"ಅಲ್ಲ ಮಗಾ. ಅವರು ಹೇಳುವಾಗ ಅವರದ್ದೇ ಸರಿ ಅಂತ ಕಂಡಿತು. ಪಾರುಪತ್ಯಗಾರರು ಹೇಳುವಾಗ ಇವರದ್ದೇ ಸರಿ ಅಂತ ಕಂಡಿತು. ನನ್ನದು ಯಾವುದು ಅಂತ ಯೋಚಿಸಿದೆ. ನನ್ನದು ಅಂತ ಒಂದೂ ಇಲ್ಲವಾ ಅಂತ ಹೆದರಿಕೆ ಆಯ್ತು. ಆಗ ಕೈ ಎದ್ದಿತು."

ಗದ್ದೆ ಹೋದದ್ದಕ್ಕೆ ಈಗ ನನಗೆ ದುಃಖವಿಲ್ಲ. ಈಗಲೂ ನಮ್ಮ ಕಡೆ ಶೀನಪ್ಪಣ್ಣನಂಥವರು ಬರುತ್ತಾರೆ, ದೊಡ್ಡ ಮೈಕಿನೊಂದಿಗೆ. ಅವರನ್ನು ಒಪ್ಪುವವರು ಮಾತ್ರ ಅಲ್ಲಿಗೆ ಹೋಗುತ್ತಾರೆ, ಒಪ್ಪದವರು ಮನೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಇಬ್ಬರ ಮಾತಿಗೂ ಕಿವಿ ಕೊಟ್ಟು, ಇಬ್ಬರಿಗೂ ಸೋತು, ಆಮೇಲೆ ನನ್ನದು ಯಾವುದು ಎಂದು ಹೆದರುವ ಮನುಷ್ಯನನ್ನು ನಾನು ಕಾಣದೆ ಬಹಳ ಕಾಲವಾಯಿತು.