ಬೆನ್ನ ಮೇಲಿನ ಸೋರೆಬುರುಡೆ

ದೆವ್ವ ಕಂಡೆನೆಂದು ಹೇಳುವವರನ್ನು ನೋಡಿದರೆ ನನಗೆ ಮೊದಲಿನಿಂದಲೂ ನಗು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವನು ನಾನು. ಯಾರಾದರೂ ಹುಣಸೆಮರದ ಮಾತೆತ್ತಿದರೆ ನಾಲ್ಕು ಪ್ರಶ್ನೆ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಒಂದು ಸಂಗತಿ ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನ್ನ ತಕರಾರಿಲ್ಲ.

ನನಗೆ ಈಜು ಕಲಿಸಿದವಳು ನಮ್ಮ ಗೌರಕ್ಕ. ದೇವನಹಳ್ಳಿ ತಾಲ್ಲೂಕಿನ ನಮ್ಮೂರ ಕೆರೆಯಲ್ಲಿ, ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ತಳ್ಳಿಬಿಡುತ್ತಿದ್ದಳು. ಹಗ್ಗ ಮೈ ತರಚುತ್ತದೆಂದು ತನ್ನ ಹಳೆಯ ಹಸಿರು ಸೀರೆಯ ಅಂಚು ಹರಿದು ಅದರಲ್ಲೇ ಕಟ್ಟುವಳು. ನಾನು ಕಿರುಚಿಕೊಂಡರೆ, "ಬುರುಡೆ ಐತಲ್ಲೋ, ಯಾಕಂಗ್ ಬಡ್ಕೊಳ್ತೀಯ" ಎಂದು ದಡದಲ್ಲಿ ಕೂತು ನಗುವಳು. ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ನೋವು ಶುರುವಾಗಿ ಎರಡು ದಿನವಾದರೂ ಹೆರಿಗೆಯಾಗಲಿಲ್ಲ. ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ದೇವನಹಳ್ಳಿಗೆ ಹೊರಟೆವು. ಅರ್ಧ ದಾರಿಯಲ್ಲೇ ತಾಯಿ, ಹೊಟ್ಟೆಯೊಳಗಿನ ಮಗು ಇಬ್ಬರೂ ಹೋದರು. ಗಾಡಿ ಹೊಡೆಯುತ್ತಿದ್ದವನು ನಾನೇ.

ಇದಾಗಿ ಐದಾರು ವರ್ಷ ಕಳೆದಿತ್ತು, ಅರವತ್ತರ ದಶಕದ ಕೊನೆಯ ಮಾತು. ಊರವರು ಒಂದು ಕೋಣೆ ಕಟ್ಟಿಕೊಟ್ಟರೆ ಹೆರಿಗೆ ಮಾಡಿಸಲು ನರ್ಸಮ್ಮನನ್ನು ಕಳಿಸುತ್ತೇವೆಂದು ತಾಲ್ಲೂಕಿನವರು ಹೇಳಿದರು. ಜಾಗ ಸಿಕ್ಕಿತು, ಆಳು ಸಿಕ್ಕರು, ಕಲ್ಲು ಸಿಕ್ಕಲಿಲ್ಲ. ಊರಾಚೆಯ ಬಂಡೆಯನ್ನು ಗುತ್ತಿಗೆ ಹಿಡಿದಿದ್ದವನು ಮುನಿಶಾಮಪ್ಪ. ಅಕ್ಕ ತೀರಿಕೊಂಡ ಮೇಲೆ ಕೋಲಾರದ ಕಡೆಯಿಂದ ಬಂದವನು, ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ. ಕಲ್ಲು ಕೇಳಲು ಹೋದರೆ ಬೀಡಿ ಹಚ್ಚಿಕೊಂಡು ತಮಾಷೆಗಿಳಿದ.

"ಸುಮ್ಸುಮ್ನೆ ಯಾಕ್ ಕೊಡ್ಲಿ ಮೇಷ್ಟ್ರೇ? ಕೆರೆ ತುಂಬೈತೆ. ಒಂದ್ ಸಲ ಈಜಿ ದಾಟಿದ್ರೆ ಒಂದ್ ಗಾಡಿ ಕಲ್ಲು. ನಿಮಗೆ ಬೇಕಾದ್ದು ಇಪ್ಪತ್ ಗಾಡಿ ಅಲ್ವಾ? ಕಾಲು ನೆಲ ಮುಟ್ಬಾರ್ದು, ಬುರುಡೆ ಗಿರುಡೆ ಕಟ್ಕೋಬಾರ್ದು. ಮಧ್ಯದಲ್ಲಿ ಬಿಟ್ರೆ ಒಂದ್ ಚೂರೂ ಇಲ್ಲ."

ಅವನು ಆಡಿದ್ದು ತಮಾಷೆಗೆ. ನನಗೆ ಮೈ ಉರಿಯಿತು. ಅಕ್ಕನ ಹೆಸರಿನಲ್ಲಿ ಈಜುತ್ತೇನೆ ಎಂದು ಊರವರ ಎದುರಿಗೇ ಹೇಳಿಬಿಟ್ಟೆ.

ಭಾನುವಾರ ಸೂರ್ಯ ಹುಟ್ಟುವಾಗ ನೀರಿಗಿಳಿದೆ. ಕೆರೆ ಏರಿಯ ಮೇಲೆ ಇಡೀ ಊರೇ ಕೂತಿತ್ತು. ನಾನೊಮ್ಮೆ ದಾಟಿದರೆ ಗಾರೆ ಕೆಲಸದವನು ಏರಿಯ ಮೇಲೆ ಒಂದು ಕಲ್ಲಿಡುವನು. ನನ್ನ ಕಾಲು ನೆಲಕ್ಕೆ ತಾಗದಿರಲೆಂದು ಅವ್ವ ಬಿದಿರ ಗಳುವಿನ ತುದಿಗೆ ಚೊಂಬು ಕಟ್ಟಿ ರಾಗಿ ಗಂಜಿ ಚಾಚುತ್ತಿದ್ದಳು. ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ, ಇನ್ನು ನಾಲ್ಕೋ ಐದೋ ಸಲ ಉಳಿದಿರುವಾಗ, ಕೆರೆಯ ನಟ್ಟನಡುವೆ ಕಾಲಿನ ಮೀನಖಂಡ ಹಿಡಿದುಕೊಂಡಿತು. ನೀರು ಕುಡಿದೆ, ಮುಳುಗಿದೆ. ಸಾಯುತ್ತೇನೆಂಬ ಹೆದರಿಕೆಗಿಂತ ಅಷ್ಟೂ ಕಲ್ಲು ಹೋಯಿತಲ್ಲ ಎಂಬ ಸಂಕಟವೇ ಹೆಚ್ಚಾಗಿತ್ತು.

ಆಗ ಬೆನ್ನು ಹಗುರವಾಯಿತು. ಹೇಗೆಂದು ಕೇಳಬೇಡಿ. ಎದೆಯ ಸುತ್ತ ಏನೋ ಬಿಗಿದಂತಾಯಿತು, ಹೆಗಲುಗಳ ನಡುವೆ ಹಿಡಿದು ಮೇಲಕ್ಕೆತ್ತಿದಂತಾಯಿತು, ತಲೆ ನೀರಿನಿಂದ ಹೊರಗೆ ಬಂತು. ಕಾಲು ಆಡುತ್ತಿರಲಿಲ್ಲ, ಆದರೂ ನಾನು ಮುಳುಗಲಿಲ್ಲ. ಬರೀ ಕೈ ಬೀಸುತ್ತಾ ಹೋದೆ. ದಣಿದ ಮೈಯ ಭ್ರಮೆ ಎಂದುಕೊಂಡೆ.

ಹೊತ್ತು ಮುಳುಗುವ ಮೊದಲೇ ಇಪ್ಪತ್ತನೆಯ ಸಲ ತೂಬಿನ ಕಲ್ಲು ಮುಟ್ಟಿದೆ. ತಮಟೆ ಬಡಿಯಿತು. ಜನ ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವ್ವ ಸೆರಗಿನಿಂದ ತಲೆ ಒರೆಸುತ್ತಾ ಅಳುತ್ತಿದ್ದಳು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮುನಿಶಾಮಪ್ಪ ಜನರನ್ನು ನೂಕಿಕೊಂಡು ಬಂದ. "ಇಳಿಸ್ರಲಾ ಅವ್ರನ್ನ. ಮೇಷ್ಟ್ರೇ, ಬುರುಡೆ ಎಲ್ಲಿ ಬಚ್ಚಿಟ್ರಿ? ಮಧ್ಯಾಹ್ನದಿಂದ ನಿಮ್ ಬೆನ್ ಮೇಲೆ ಬುರುಡೆ ಇತ್ತು. ಈ ಕಣ್ಣಾರೆ ನೋಡೀನಿ."

ಬೇರೆ ಯಾರೂ ಏನನ್ನೂ ನೋಡಿರಲಿಲ್ಲ. ಕಲ್ಲು ಕೊಡಲಾರದೆ ಸುಳ್ಳು ಹೇಳುತ್ತಾನೆಂದು ಜನ ಅವನ ಮೇಲೇ ಬಿದ್ದರು. ಅವನು ನನ್ನನ್ನು ತಿರುಗಿಸಿ ನಿಲ್ಲಿಸಿ, ಒರಟು ಅಂಗೈಯಿಂದ ಬೆನ್ನನ್ನೆಲ್ಲ ಸವರಿದ. ಏನೂ ಸಿಗಲಿಲ್ಲ. ಒದ್ದೆ ಅಂಗೈಯನ್ನು ಪಂಚೆಗೆ ಒರೆಸಿಕೊಂಡು, "ನಾಳೆ ಗಾಡಿ ಬರ್ತವೆ" ಎಂದು ಹೊರಟುಹೋದ. ಗಾಡಿಗಳು ಬಂದವು. ಲೆಕ್ಕದಾಚೆಗೆ, ಹೊಸ್ತಿಲಿಗೆಂದು ನುಣ್ಣಗೆ ಕೆತ್ತಿದ ಒಂದು ಕಲ್ಲೂ ಬಂತು. ಸುಳ್ಳು ಹೇಳಿದವನಾದರೆ ಅದನ್ನು ಯಾಕೆ ಕಳಿಸಿದ?

ಯುಗಾದಿಯ ಹೊತ್ತಿಗೆ ಕೋಣೆ ಎದ್ದಿತು, ನರ್ಸಮ್ಮ ಬಂದರು. ಅಲ್ಲಿ ಮೊದಲು ಹೆರಿಗೆಗೆ ಬಂದವಳು ಮುನಿಶಾಮಪ್ಪನ ಸೊಸೆಯೇ. ಅವಳದೂ ಕಷ್ಟದ ಹೆರಿಗೆ. ಬೆಳಿಗ್ಗೆಯಿಂದ ನಾನೂ ಅವನೂ ಹೊರಗೆ ಕಲ್ಲಿನ ಮೇಲೆ ಕೂತಿದ್ದೆವು. ಕೊನೆಗೆ ಒಳಗಿನಿಂದ ಮಗು ಅಳುವುದು ಕೇಳಿಸಿತು. ತಾಯಿ ಚೆನ್ನಾಗಿದ್ದಾಳೆ ಎಂದರು ನರ್ಸಮ್ಮ. ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

ಮುನಿಶಾಮಪ್ಪ ಮೂಗೊರೆಸಿಕೊಂಡು ನನ್ನ ಹತ್ತಿರಕ್ಕೆ ಸರಿದ. "ಈಗಾದ್ರೂ ನಿಜ ಹೇಳಿ ಮೇಷ್ಟ್ರೇ. ಬುರುಡೆ ಹೋಗ್ಲಿ. ಅದನ್ನ ಕಟ್ಟಿದ್ದ ಹಸಿರು ಸೀರೆ ಅಂಚು, ಅದು ಯಾರ್ದು?"

ಅಂಚಿನ ವಿಷಯವನ್ನು ನಾನಂತೂ ಅವನಿಗೆ ಹೇಳಿರಲಿಲ್ಲ. ಬೇರೆ ಯಾರಾದರೂ ಹೇಳಿರಬಹುದೆಂದು ನೀವು ಅನ್ನುತ್ತೀರಿ. ನಾನೂ ಇಷ್ಟು ವರ್ಷ ಅದನ್ನೇ ಅಂದುಕೊಳ್ಳಲು ನೋಡಿದ್ದೇನೆ, ಆಗಿಲ್ಲ. ಅವತ್ತು ಅವನನ್ನು ಕೇಳಲು ನನ್ನ ಬಳಿ ಒಂದು ಪ್ರಶ್ನೆಯೂ ಇರಲಿಲ್ಲ. ಒಳಗೆ ಮಗು ಇನ್ನೂ ಅಳುತ್ತಿತ್ತು.

"ನಮ್ಮಕ್ಕಂದು, ಮುನಿಶಾಮಪ್ಪ" ಎಂದೆ.